ಲಿಕ್ವಿಡ್ ಬಯಾಪ್ಸಿ: ಯಾವ ಪ್ರಶ್ನೆಗೆ ಯಾವ ಪರೀಕ್ಷೆ, ಯಾವ ಉತ್ತರವನ್ನು ಎಷ್ಟು ನಂಬಬಹುದು

ಲಿಕ್ವಿಡ್ ಬಯಾಪ್ಸಿ ಎಂದರೆ ರಕ್ತದಂಥ ದ್ರವದಲ್ಲಿ ಕ್ಯಾನ್ಸರಿನ ಕುರುಹು ಹುಡುಕುವ ಪರೀಕ್ಷೆ. ಅದರ ವರದಿಯಲ್ಲಿ ‘ಮ್ಯುಟೇಶನ್ (ಡಿಎನ್‌ಎಯಲ್ಲಿ ಆದ ಬದಲಾವಣೆ) ಕಂಡುಬಂದಿಲ್ಲ’ ಎಂದು ಬರೆದಿರುತ್ತದೆ. ರೋಗಿ ಅದನ್ನು ‘ಮ್ಯುಟೇಶನ್ ಇಲ್ಲ’ ಎಂದು ಓದಿಕೊಳ್ಳುತ್ತಾರೆ. ಮನೆಯವರು ‘ಕ್ಯಾನ್ಸರ್ ಇಲ್ಲ’ ಎಂದು ಓದಿಕೊಳ್ಳುತ್ತಾರೆ. ಮೂರೂ ಬೇರೆ ಬೇರೆ ಮಾತುಗಳು. ಕ್ಯಾನ್ಸರ್ ರೋಗಿಗಳ ರಕ್ತದ ಟ್ಯೂಬುಗಳು ಬಂದು ಸೇರುವ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ ನನಗೆ ಮನವರಿಕೆಯಾಗಿರುವುದು ಇದು: ಯಂತ್ರ ಎಡವುವುದಕ್ಕಿಂತ ಹೆಚ್ಚಾಗಿ ಆ ಒಂದು ಸಾಲನ್ನು ಓದುವಾಗ ನಾವು ಎಡವುತ್ತೇವೆ.

‘ಲಿಕ್ವಿಡ್ ಬಯಾಪ್ಸಿಯನ್ನು ನಂಬಬಹುದೇ?’ ಎಂದು ಕೇಳಿದರೆ ಒಂದೇ ಉತ್ತರ ಕೊಡಲು ಬರುವುದಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಹರಡಿರುವ ಒಬ್ಬರಿಗೆ ಯಾವ ಮಾತ್ರೆ ಕೊಡಬೇಕು ಎಂದು ತಿಳಿಯಲು ಮಾಡುವ ಪರೀಕ್ಷೆ, ಕರುಳಿನ ಗಡ್ಡೆ ತೆಗೆದ ಮೇಲೆ ಏನಾದರೂ ಉಳಿದಿದೆಯೇ ಎಂದು ನೋಡುವ ಪರೀಕ್ಷೆ, ಯಾವ ತೊಂದರೆಯೂ ಇಲ್ಲದವರಲ್ಲಿ ಕ್ಯಾನ್ಸರ್ ಹುಡುಕುವ ಪರೀಕ್ಷೆ ಇವು ಮೂರೂ ಒಂದೇ ಹೆಸರಿನಡಿ ಬರುತ್ತವೆ. ಮೂರರಲ್ಲೂ ತೋಳಿನಿಂದ ರಕ್ತ ತೆಗೆಯುತ್ತಾರೆ. ಸಾಮ್ಯ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಪರೀಕ್ಷೆಗಳನ್ನು ಹೋಲಿಸುವ ಮೊದಲು ನಿಮ್ಮ ಪ್ರಶ್ನೆ ಯಾವುದು ಎಂದು ಗೊತ್ತುಮಾಡಿಕೊಳ್ಳಿ.

ಟ್ಯೂಬಿನಲ್ಲಿ ಇರುವುದೇ ಎಷ್ಟು?

ದೇಹದ ಜೀವಕೋಶಗಳು ಸಾಯುತ್ತಲೇ ಇರುತ್ತವೆ. ಸಾಯುವಾಗ ಅವುಗಳ ಡಿಎನ್‌ಎ ತುಂಡುತುಂಡಾಗಿ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಹೀಗೆ ಬಿಡಿ ಡಿಎನ್‌ಎ ಇರುವುದನ್ನು ಫ್ರಾನ್ಸಿನ ಮಾಂಡೆಲ್ ಮತ್ತು ಮೆಟೇ 1948ರಲ್ಲೇ ತೋರಿಸಿದ್ದರು. ಒಂದೊಂದು ತುಂಡು ಸುಮಾರು 167 ಅಕ್ಷರಗಳಷ್ಟು ಉದ್ದ. ಗಡ್ಡೆಯಿಂದ ಬಂದವು ಸಾಮಾನ್ಯವಾಗಿ ಇನ್ನೂ ಸ್ವಲ್ಪ ಗಿಡ್ಡ. ರಕ್ತದಲ್ಲಿ ಅವು ಹೆಚ್ಚು ಕಾಲ ಉಳಿಯುವುದಿಲ್ಲ. ಎರಡು ಗಂಟೆ ಕಳೆಯುವುದರೊಳಗೆ ಅರ್ಧದಷ್ಟು ಮಾಯವಾಗಿರುತ್ತವೆ. ಇದು ಒಂದು ಅನುಕೂಲವೂ ಹೌದು, ಏಕೆಂದರೆ ಇಂದಿನ ರಕ್ತ ಇಂದಿನ ರೋಗದ ಕಥೆಯನ್ನೇ ಹೇಳುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ, ಏಕೆಂದರೆ ಮುಂದಿನ ಎಲ್ಲ ಮಾತೂ ಈ ಲೆಕ್ಕದ ಮೇಲೆ ನಿಂತಿದೆ. 10 ಮಿಲಿಲೀಟರ್ ರಕ್ತ ತೆಗೆದರೆ ಸುಮಾರು 4 ಮಿಲಿಲೀಟರ್ ಪ್ಲಾಸ್ಮಾ, ಅಂದರೆ ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿ ದ್ರವ, ಸಿಗುತ್ತದೆ. ಒಂದು ಮಿಲಿಲೀಟರಿನಲ್ಲಿ 5 ನ್ಯಾನೋಗ್ರಾಂ ಡಿಎನ್‌ಎ ಇದೆ ಎಂದು ಇಟ್ಟುಕೊಂಡರೆ ಒಟ್ಟು 20 ನ್ಯಾನೋಗ್ರಾಂ. ಒಂದು ನ್ಯಾನೋಗ್ರಾಂ ಎಂದರೆ ಮನುಷ್ಯನ ಜೀನೋಮಿನ, ಅಂದರೆ ಇಡೀ ಡಿಎನ್‌ಎಯ, ಸುಮಾರು 300 ಪ್ರತಿಗಳು. ಅಲ್ಲಿಗೆ ಇಡೀ ಟ್ಯೂಬಿನಲ್ಲಿ ಇರುವುದು ಹೆಚ್ಚೆಂದರೆ 6,000 ಪ್ರತಿಗಳು. ಅದರಲ್ಲಿ ಗಡ್ಡೆಯ ಮ್ಯುಟೇಶನ್ ಹೊತ್ತವು ಶೇ 0.1ರಷ್ಟಿದ್ದರೆ ಆರು ಪ್ರತಿ. ಶೇ 0.01 ಆದರೆ ಒಂದು ಪೂರ್ತಿ ಪ್ರತಿಯೂ ಇಲ್ಲ! ಶುದ್ಧೀಕರಿಸುವಾಗ ಸೋರಿಹೋಗುವುದು ಬೇರೆ. ಟ್ಯೂಬಿಗೆ ಬಾರದೇ ಇದ್ದುದನ್ನು ಯಾವ ಯಂತ್ರವೂ ಹುಡುಕಿ ಕೊಡಲಾರದು. ‘ನಮ್ಮ ಪರೀಕ್ಷೆ ಅತಿ ಸೂಕ್ಷ್ಮ’ ಎಂದು ಯಾರಾದರೂ ಹೇಳಿದರೆ, ಎಷ್ಟು ರಕ್ತ ತೆಗೆಯುತ್ತೀರಿ ಎಂದು ಮೊದಲು ಕೇಳಿ. ಒಂದು ಟ್ಯೂಬಿನ ಬದಲು ಎರಡು ಟ್ಯೂಬು ತೆಗೆಯುವುದು ಎಷ್ಟೋ ವೇಳೆ ಯಂತ್ರ ಬದಲಿಸುವುದಕ್ಕಿಂತ ಹೆಚ್ಚು ಉಪಕಾರ ಮಾಡುತ್ತದೆ.

ಅಂಗಾಂಶದ ಬಯಾಪ್ಸಿಯೋ, ರಕ್ತವೋ?

ಮೊದಲ ಸಲ ಕ್ಯಾನ್ಸರ್ ಎಂದು ಗೊತ್ತುಪಡಿಸುವಾಗ ಈ ಆಯ್ಕೆಯೇ ಇಲ್ಲ ಎಂದು ನಾನು ಹೇಳುತ್ತೇನೆ. ಅಂಗಾಂಶ ಬೇಕೇ ಬೇಕು. ಕ್ಯಾನ್ಸರ್ ಯಾವ ಬಗೆಯದು, ಜೀವಕೋಶಗಳು ಹೇಗೆ ಕಾಣುತ್ತವೆ, ಅವುಗಳ ಮೇಲ್ಮೈಯಲ್ಲಿ ಯಾವ ಪ್ರೋಟೀನ್ ಇದೆ ಎಂಬುದನ್ನು ಸೂಕ್ಷ್ಮದರ್ಶಕದ ಕೆಳಗೆ ಗಾಜಿನ ಪಟ್ಟಿ ಇಟ್ಟು ನೋಡಬೇಕು. ರಕ್ತದಲ್ಲಿ ತೇಲುವ ಡಿಎನ್‌ಎ ಚೂರುಗಳು ಅದನ್ನು ಹೇಳಲಾರವು. ಚಿಕಿತ್ಸೆಯ ನಡುವೆ ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್ ಸಣ್ಣಕೋಶದ ಇನ್ನೊಂದು ಬಗೆಗೆ ತಿರುಗುವುದುಂಟು. ಇದನ್ನು ಖಚಿತಪಡಿಸುವುದೂ ಅಂಗಾಂಶವೇ.

ಆಯ್ಕೆ ನಿಜವಾಗಿ ಎದುರಾಗುವುದು ಆಮೇಲೆ, ಔಷಧವನ್ನು ಆರಿಸುವ ಘಟ್ಟದಲ್ಲಿ. ಅಂಗಾಂಶಕ್ಕೂ ಅದರದೇ ಕೊರತೆಗಳಿವೆ. ಸೂಜಿ ಚುಚ್ಚಿದ ಜಾಗದ ಸುದ್ದಿ ಮಾತ್ರ ಸಿಗುತ್ತದೆ. ಯಕೃತ್ತಿಗೆ ಹರಡಿದ ಭಾಗದಲ್ಲಿ ಬೇರೆಯೇ ಮ್ಯುಟೇಶನ್ ಇರಬಹುದು. ತೆಗೆದ ಚೂರು ಮೊದಲ ಪರೀಕ್ಷೆಗಳಿಗೇ ಖರ್ಚಾಗಿ ಹೋಗಿರಬಹುದು. ಗಡ್ಡೆ ಇರುವ ಜಾಗಕ್ಕೆ ಸೂಜಿ ತಲುಪಿಸುವುದೇ ಅಪಾಯವಾಗಿರಬಹುದು. ರಕ್ತ ಈ ಮೂರು ಕಡೆಯೂ ಕೈಹಿಡಿಯುತ್ತದೆ, ವರದಿಯೂ ಸಾಮಾನ್ಯವಾಗಿ ಬೇಗ ಬರುತ್ತದೆ.

ನಂಬಿಕೆಯ ಮಾತಿಗೆ ಬಂದರೆ, ಇಲ್ಲಿ ತಕ್ಕಡಿಯ ಎರಡು ತಟ್ಟೆ ಸಮನಾಗಿಲ್ಲ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್ ಎಂಬ ವಂಶವಾಹಿಯ ಮ್ಯುಟೇಶನ್ ರಕ್ತದಲ್ಲಿ ಸ್ಪಷ್ಟವಾಗಿ ಕಂಡರೆ ಅದನ್ನು ನಂಬಿ ಔಷಧ ಶುರುಮಾಡಬಹುದು. ಅಂಗಾಂಶದಲ್ಲೂ ಅದು ಇದ್ದೇ ಇರುವ ಸಂಭವ ತುಂಬ ಹೆಚ್ಚು. ಆದರೆ ಅಂಗಾಂಶದಲ್ಲಿ ಮ್ಯುಟೇಶನ್ ಇರುವ ಹತ್ತು ಜನರಲ್ಲಿ ಎರಡರಿಂದ ನಾಲ್ಕು ಜನರ ರಕ್ತದಲ್ಲಿ ಅದು ಸಿಗುವುದೇ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಕೋಬಾಸ್ ಇಜಿಎಫ್‌ಆರ್ ರಕ್ತಪರೀಕ್ಷೆಗೆ ಒಪ್ಪಿಗೆ ಕೊಟ್ಟಾಗಲೇ ಈ ಮಾತನ್ನು ಸೇರಿಸಿತ್ತು: ರಕ್ತದಲ್ಲಿ ಸಿಗದಿದ್ದರೆ ಅಂಗಾಂಶವನ್ನು ಪರೀಕ್ಷಿಸಿ. 2019ರಲ್ಲಿ ಸ್ತನ ಕ್ಯಾನ್ಸರಿನ ಪಿಐಕೆ3ಸಿಎ ವಂಶವಾಹಿಯ ಪರೀಕ್ಷೆಗೂ ಅದೇ ಷರತ್ತು. ಇದನ್ನು ಮರೆತು, ರಕ್ತದ ವರದಿ ಖಾಲಿ ಬಂತೆಂದು ಸೀದಾ ಕೀಮೋಥೆರಪಿಗೆ ಹೋಗುವುದು ನನ್ನ ಮಟ್ಟಿಗೆ ತೀರಾ ದುಃಖದ ತಪ್ಪು. ಮಾತ್ರೆಯಲ್ಲಿ ಚೇತರಿಸಿಕೊಂಡು ಓಡಾಡಬಹುದಾಗಿದ್ದ ಒಬ್ಬರ ಕೈಯಿಂದ ಆ ತಿಂಗಳುಗಳು ಜಾರಿಹೋಗುತ್ತವೆ.

ಮ್ಯುಟೇಶನ್ನಿನ ಬಗೆಯೂ ಲೆಕ್ಕಕ್ಕೆ ಬರುತ್ತದೆ. ಒಂದಕ್ಷರ ಬದಲಾದದ್ದನ್ನು, ಸಣ್ಣ ತುಂಡು ಬಿಟ್ಟುಹೋದದ್ದನ್ನು ರಕ್ತಪರೀಕ್ಷೆ ಚೆನ್ನಾಗಿ ಹಿಡಿಯುತ್ತದೆ. ಎರಡು ವಂಶವಾಹಿಗಳು ತುಂಡಾಗಿ ಬೆಸೆದುಕೊಂಡಿದ್ದರೆ, ಎಎಲ್‌ಕೆ ಮತ್ತು ಆರ್‌ಒಎಸ್1ಗಳಲ್ಲಿ ಆಗುವಂತೆ, ಅಥವಾ ಒಂದು ವಂಶವಾಹಿಯ ಪ್ರತಿಗಳು ಹೆಚ್ಚಿದ್ದರೆ, ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಅಂಥದ್ದನ್ನು ಹುಡುಕುವಾಗ ಖಾಲಿ ವರದಿಗೆ ಇನ್ನೂ ಕಡಿಮೆ ಬೆಲೆ ಕೊಡಿ.

ರಕ್ತವೇ ಮೇಲುಗೈ ಪಡೆಯುವ ಸಂದರ್ಭವೂ ಇದೆ. ಹಾರ್ಮೋನ್ ಚಿಕಿತ್ಸೆ ಪಡೆಯುತ್ತಿರುವ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಇಎಸ್‌ಆರ್1 ಮ್ಯುಟೇಶನ್ ಹುಟ್ಟುವುದು ಹೆಚ್ಚಾಗಿ ಚಿಕಿತ್ಸೆಯ ಒತ್ತಡದಲ್ಲೇ. ವರ್ಷಗಳ ಹಿಂದೆ ತೆಗೆದು ಮೇಣದ ಅಚ್ಚಿನಲ್ಲಿಟ್ಟ ಅಂಗಾಂಶದಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಈ ಮ್ಯುಟೇಶನ್ ಇದ್ದವರಿಗೆ ಕೊಡುವ ಎಲಾಸೆಸ್ಟ್ರಂಟ್ ಎಂಬ ಔಷಧಕ್ಕೆ 2023ರ ಜನವರಿಯಲ್ಲಿ ಎಫ್‌ಡಿಎ ಒಪ್ಪಿಗೆ ಬಂದಾಗ ಅದರ ಜೊತೆಗಿದ್ದದ್ದು ಗಾರ್ಡಂಟ್360 ಸಿಡಿಎಕ್ಸ್ ಎಂಬ ರಕ್ತಪರೀಕ್ಷೆ. ಈ ಪ್ರಶ್ನೆಗೆ ಹಳೆಯ ಅಂಗಾಂಶಕ್ಕಿಂತ ಇಂದಿನ ರಕ್ತ ಮೇಲು.

ಹರಡಿದ ಶ್ವಾಸಕೋಶದ ಕ್ಯಾನ್ಸರಿನಲ್ಲಿ ನನ್ನ ಸಲಹೆ ‘ಇದೋ ಅದೋ’ ಅಲ್ಲ. ಎರಡನ್ನೂ ಒಟ್ಟಿಗೆ ಕಳುಹಿಸಿ. ಯಾವುದರಲ್ಲಿ ಮೊದಲು ಸ್ಪಷ್ಟ ಉತ್ತರ ಬರುತ್ತದೋ ಅದನ್ನು ಹಿಡಿದು ಮುಂದುವರಿಯಿರಿ.

ಗಡ್ಡೆ ಎಲ್ಲಿದೆ ಎಂಬುದೂ ಉತ್ತರವನ್ನು ಬದಲಿಸುತ್ತದೆ

ಎಲ್ಲ ಗಡ್ಡೆಗಳೂ ರಕ್ತಕ್ಕೆ ಡಿಎನ್‌ಎ ಬಿಡುವುದು ಒಂದೇ ಪ್ರಮಾಣದಲ್ಲಲ್ಲ. 2014ರಲ್ಲಿ 640 ರೋಗಿಗಳನ್ನು ಪರೀಕ್ಷಿಸಿದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು. ಮೇದೋಜೀರಕ ಗ್ರಂಥಿ, ಅಂಡಾಶಯ, ದೊಡ್ಡ ಕರುಳು, ಸ್ತನ ಮುಂತಾದ ಕಡೆಯ ಮುಂದುವರಿದ ಕ್ಯಾನ್ಸರಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನರ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಸಿಕ್ಕಿತು. ಮಿದುಳು, ಮೂತ್ರಪಿಂಡ, ಪ್ರಾಸ್ಟೇಟ್, ಥೈರಾಯ್ಡ್ ಕ್ಯಾನ್ಸರಿನಲ್ಲಿ ಅರ್ಧದಷ್ಟು ಜನರಲ್ಲೂ ಸಿಗಲಿಲ್ಲ. ಯಕೃತ್ತಿಗೆ ಹರಡಿದ ರೋಗ ಧಾರಾಳವಾಗಿ ಡಿಎನ್‌ಎ ಸುರಿಯುತ್ತದೆ. ಮಿದುಳಿನೊಳಗೆ ಮಾತ್ರ, ಅಥವಾ ಹೊಟ್ಟೆಯ ಒಳಪೊರೆಯ ಮೇಲೆ ಮಾತ್ರ ಇರುವ ರೋಗ ಬಹಳ ಜಿಪುಣ.

ಇಲ್ಲಿ ‘ಲಿಕ್ವಿಡ್’ ಎಂದರೆ ರಕ್ತ ಮಾತ್ರವಲ್ಲ ಎಂಬುದನ್ನು ನೆನಪಿಡಿ. ಮಿದುಳಿನ ಗಡ್ಡೆಗೆ ಬೆನ್ನುಹುರಿಯ ದ್ರವ, ಮೂತ್ರಕೋಶದ ಗಡ್ಡೆಗೆ ಮೂತ್ರ ಹೆಚ್ಚು ನಂಬಿಕಸ್ಥ ಮಾದರಿಗಳು. ಹರಿಯುವ ನೀರಿಗೆ ಗಡ್ಡೆ ಎಷ್ಟು ಹತ್ತಿರವೋ ಅಷ್ಟು ಸುದ್ದಿ ಸಿಗುತ್ತದೆ.

ರಕ್ತ ತೆಗೆಯುವ ದಿನವೂ ಮುಖ್ಯ. ನಿರ್ದಿಷ್ಟ ಮ್ಯುಟೇಶನ್ನಿಗೆ ಗುರಿ ಹಿಡಿದ ಔಷಧ ಶುರುವಾದ ಕೆಲವೇ ವಾರಗಳಲ್ಲಿ, ಎಷ್ಟೋ ಸಲ ದಿನಗಳಲ್ಲೇ, ಗಡ್ಡೆಯ ಡಿಎನ್‌ಎ ಕುಸಿಯುತ್ತದೆ. ಔಷಧ ಕೆಲಸ ಮಾಡುತ್ತಿರುವಾಗ ರಕ್ತ ತೆಗೆದು ಮ್ಯುಟೇಶನ್ ಹುಡುಕಿದರೆ ಸಿಗದಿರುವುದೇ ಸಹಜ. ಚಿಕಿತ್ಸೆ ಶುರುವಾಗುವ ಮೊದಲು, ಇಲ್ಲವೇ ರೋಗ ಮತ್ತೆ ತಲೆ ಎತ್ತಿದಾಗ ತೆಗೆಯಿರಿ.

ಟ್ಯೂಬಿನ ಮುಚ್ಚಳದ ಕೆಳಗೆ

ಈಗ ನನಗೆ ಅತಿ ಹತ್ತಿರದ ವಿಷಯ. ಪರೀಕ್ಷೆಯ ಹೆಸರು, ಕಂಪನಿ, ತಂತ್ರಜ್ಞಾನ ಎಲ್ಲವನ್ನೂ ವಿಚಾರಿಸುವವರು ಟ್ಯೂಬಿನ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಆದರೆ ಅರ್ಧ ಫಲಿತಾಂಶ ಅಲ್ಲೇ ತೀರ್ಮಾನವಾಗಿರುತ್ತದೆ.

ರಕ್ತದ ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಬೆಳಕಿಗೆ ಹಿಡಿದರೆ ಮೂರು ಪದರ ಕಾಣುತ್ತದೆ. ಕೆಳಗೆ ಗಾಢ ಕೆಂಪು. ಮೇಲೆ ಒಣಹುಲ್ಲಿನ ಬಣ್ಣದ ತಿಳಿ ಪ್ಲಾಸ್ಮಾ. ಇವೆರಡರ ನಡುವೆ ಉಗುರಿನ ಅಂಚಿನಷ್ಟು ತೆಳುವಾದ ಬೂದು ಬಿಳಿ ಗೆರೆ. ಆ ಗೆರೆಯೇ ಬಿಳಿ ರಕ್ತಕಣಗಳು, ಮತ್ತು ಅವುಗಳಲ್ಲಿ ಪ್ಲಾಸ್ಮಾದಲ್ಲಿರುವುದರ ಎಷ್ಟೋ ಪಟ್ಟು ಡಿಎನ್‌ಎ ಇದೆ. ಪಿಪೆಟ್ ತುದಿ ಆ ಗೆರೆಗೆ ಒಮ್ಮೆ ತಾಗಿದರೆ ಸಾಕು, ಗಡ್ಡೆಯ ಆರು ಪ್ರತಿಗಳು ಆರೋಗ್ಯವಂತ ಡಿಎನ್‌ಎ ಸಾಗರದಲ್ಲಿ ಮುಳುಗಿಹೋಗುತ್ತವೆ. ಅದಕ್ಕೇ ಗೆರೆಯ ಮೇಲೆ ಸ್ವಲ್ಪ ಪ್ಲಾಸ್ಮಾವನ್ನು ಹಾಗೇ ಬಿಡುತ್ತೇವೆ, ಎಷ್ಟೇ ಆಸೆಯಾದರೂ ಕೊನೆಯ ಹನಿಯನ್ನು ಎಳೆಯುವುದಿಲ್ಲ. ತೆಗೆದ ಪ್ಲಾಸ್ಮಾವನ್ನು ಇನ್ನೊಮ್ಮೆ, ಇನ್ನೂ ವೇಗವಾಗಿ ತಿರುಗಿಸುತ್ತೇವೆ. ಮೊದಲ ಸಲ ಗುರುತ್ವದ 1,600 ಪಟ್ಟು, ಎರಡನೆಯ ಸಲ 16,000 ಪಟ್ಟು ಎಂಬುದು ಹಲವು ಪ್ರಯೋಗಾಲಯಗಳ ರೂಢಿ.

ಟ್ಯೂಬಿನಲ್ಲಿ ಎರಡು ಬಗೆ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕ ಹಾಕಿದ ಮಾಮೂಲಿ ಟ್ಯೂಬಾದರೆ ರಕ್ತ ತೆಗೆದ ನಾಲ್ಕರಿಂದ ಆರು ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಿಬಿಡಬೇಕು. ತಡವಾದರೆ ಬಿಳಿ ಕಣಗಳು ಒಡೆಯತೊಡಗುತ್ತವೆ. ಜೀವಕೋಶಗಳನ್ನು ಒಡೆಯದಂತೆ ಹಿಡಿದಿಡುವ ವಿಶೇಷ ಟ್ಯೂಬಾದರೆ ದಿನಗಟ್ಟಲೆ ಸಮಯ ಸಿಗುತ್ತದೆ. ಸ್ಟ್ರೆಕ್ ಕಂಪನಿಯ ಟ್ಯೂಬಿನಲ್ಲಿ ಕೋಣೆಯ ಉಷ್ಣಾಂಶದಲ್ಲಿ 14 ದಿನ. ಪ್ರಯೋಗಾಲಯ ರಕ್ತ ತೆಗೆಯುವ ಕೋಣೆಯ ಪಕ್ಕದಲ್ಲೇ ಇದ್ದರೆ ಇಡಿಟಿಎ ಸಾಕು, ಅದರಲ್ಲಿ ಏನೂ ಕೊರತೆಯಿಲ್ಲ. ಮಾದರಿ ಪ್ರಯಾಣ ಮಾಡಬೇಕಾದರೆ ವಿಶೇಷ ಟ್ಯೂಬೇ ಬೇಕು, ಇಲ್ಲಿ ರಾಜಿ ಬೇಡ. ಎರಡನ್ನೂ ಫ್ರೀಜರಿನಲ್ಲಿ ಇಡಬಾರದು. ಹೆಪ್ಪುಗಟ್ಟಿದ ರಕ್ತಕಣ ಕರಗುವಾಗ ಒಡೆಯುತ್ತದೆ. ಹೆಪಾರಿನ್ ಹಾಕಿದ ಟ್ಯೂಬು ಡಿಎನ್‌ಎಯ ಪ್ರತಿಗಳನ್ನು ಮಾಡುವ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ, ಹಾಗಾಗಿ ಅದೂ ಬೇಡ. ರಕ್ತ ತುಂಬಿದ ಕೂಡಲೇ ವಿಶೇಷ ಟ್ಯೂಬನ್ನು ಮೆಲ್ಲಗೆ ಎಂಟು ಹತ್ತು ಸಲ ತಲೆಕೆಳಗು ಮಾಡಬೇಕು, ಕುಲುಕಬಾರದು.

ಒಂದು ಮಾದರಿ ನನಗೆ ಇಂದಿಗೂ ನೆನಪಿದೆ. ಶನಿವಾರ ತೆಗೆದ ರಕ್ತ ಇಡಿಟಿಎ ಟ್ಯೂಬಿನಲ್ಲಿ ಸೋಮವಾರ ಬಂತು. ಪ್ಲಾಸ್ಮಾ ಒಣಹುಲ್ಲಿನ ಬಣ್ಣಕ್ಕಿರದೆ ಕೆಂಪಗಿತ್ತು. ಡಿಎನ್‌ಎ ಅಳೆದರೆ ಎಂದಿಗಿಂತ ಹಲವು ಪಟ್ಟು ಹೆಚ್ಚು! ಹೊಸದಾಗಿ ಸೇರಿದ್ದ ಸಹೋದ್ಯೋಗಿಗೆ ಖುಷಿಯಾಯಿತು. ತುಂಡುಗಳ ಉದ್ದ ನೋಡಿದ ಮೇಲೆ ಗೊತ್ತಾಯಿತು, ಅವು 167ರ ಗಿಡ್ಡ ತುಂಡುಗಳಲ್ಲ, ಒಡೆದ ಬಿಳಿ ಕಣಗಳಿಂದ ಬಂದ ಉದ್ದುದ್ದ ಎಳೆಗಳು. ಪರೀಕ್ಷೆ ಮಾಡಿದ್ದರೆ ‘ಕಂಡುಬಂದಿಲ್ಲ’ ಎಂದೇ ಬರುತ್ತಿತ್ತು, ಮತ್ತು ಆ ಸಾಲು ಬೇರೆಲ್ಲ ವರದಿಗಳ ಸಾಲಿನಂತೆಯೇ ಕಾಣುತ್ತಿತ್ತು. ಮಾದರಿಯನ್ನು ತಿರಸ್ಕರಿಸಿ ಮತ್ತೆ ರಕ್ತ ಕೇಳಿದೆವು. ಸರಿಯಾದ ಟ್ಯೂಬಿನಲ್ಲಿ ಬಂದ ಎರಡನೆಯ ಮಾದರಿಯಲ್ಲಿ ಇಜಿಎಫ್‌ಆರ್ ಮ್ಯುಟೇಶನ್ ಸಿಕ್ಕಿತು. ಆದ್ದರಿಂದ ಪ್ರಯೋಗಾಲಯವೊಂದು ‘ಮಾದರಿ ಸರಿಯಿಲ್ಲ, ಮತ್ತೆ ರಕ್ತ ಬೇಕು’ ಎಂದು ಫೋನ್ ಮಾಡಿದರೆ ಬೇಸರಿಸಿಕೊಳ್ಳಬೇಡಿ. ಆ ಪ್ರಯೋಗಾಲಯವನ್ನು ನಂಬಲು ಅದೂ ಒಂದು ಕಾರಣ.

ಪಿಸಿಆರ್ ಆಧಾರಿತ ಪರೀಕ್ಷೆಯೋ, ಸೀಕ್ವೆನ್ಸಿಂಗೋ?

ಹುಡುಕಬೇಕಾದದ್ದು ಏನೆಂದು ಮೊದಲೇ ಗೊತ್ತಿದ್ದರೆ ಡಿಜಿಟಲ್ ಪಿಸಿಆರ್ ಒಳ್ಳೆಯದು. ಮಾದರಿಯನ್ನು ಸಾವಿರಾರು ಹನಿಗಳಾಗಿ ಒಡೆದು ಒಂದೊಂದನ್ನೂ ಪ್ರತ್ಯೇಕವಾಗಿ ಓದುವುದರಿಂದ ಶೇ 0.1ರಷ್ಟು ಅಥವಾ ಇನ್ನೂ ಕಡಿಮೆ ಇರುವುದನ್ನೂ ಹಿಡಿಯಬಲ್ಲದು. ಬೇಗ ಮುಗಿಯುತ್ತದೆ, ಮತ್ತೆ ಮತ್ತೆ ಮಾಡಬಹುದು. ಆದರೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ಪಕ್ಕದ ಅಕ್ಷರದಲ್ಲಿ ಬದಲಾವಣೆ ಇದ್ದರೆ ಅದಕ್ಕೆ ಕಾಣುವುದೇ ಇಲ್ಲ.

ಸೀಕ್ವೆನ್ಸಿಂಗ್ ಹತ್ತಾರು, ನೂರಾರು ವಂಶವಾಹಿಗಳನ್ನು ಒಟ್ಟಿಗೆ, ಅಕ್ಷರ ಅಕ್ಷರವಾಗಿ ಓದುತ್ತದೆ. ಔಷಧ ಆರಿಸುವಾಗ, ಔಷಧ ಯಾಕೆ ಸೋತಿತು ಎಂದು ಹುಡುಕುವಾಗ ಇದೇ ಬೇಕು. ತೊಡಕೆಂದರೆ ಓದುವಾಗ ಯಂತ್ರವೇ ತಪ್ಪಕ್ಷರ ಹಾಕುತ್ತದೆ. ಪ್ರತಿ ಡಿಎನ್‌ಎ ತುಂಡಿಗೂ ಮೊದಲೇ ಒಂದು ಗುರುತಿನ ಚೀಟಿ ಅಂಟಿಸಿ, ಒಂದೇ ತುಂಡಿನ ಪ್ರತಿಗಳನ್ನು ತಾಳೆ ನೋಡಿ ಈ ತಪ್ಪನ್ನು ಕಳೆಯುತ್ತಾರೆ. ಹೀಗಿದ್ದೂ ಒಂದು ಮಿತಿ ಉಳಿದೇ ಇದೆ. ಹಲವು ಪ್ರಮುಖ ಪರೀಕ್ಷೆಗಳನ್ನು ಒಂದೇ ಮಾದರಿಗಳ ಮೇಲೆ ಹೋಲಿಸಿ 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದ ಪ್ರಕಾರ ಮ್ಯುಟೇಶನ್ ಶೇ 0.5ಕ್ಕಿಂತ ಹೆಚ್ಚಿದ್ದಾಗ ಎಲ್ಲವೂ ಚೆನ್ನಾಗಿ ಹಿಡಿದವು. ಅದಕ್ಕಿಂತ ಕೆಳಗೆ ಒಂದು ಹಿಡಿದದ್ದು ಇನ್ನೊಂದರ ಕಣ್ಣಿಗೆ ಬೀಳಲಿಲ್ಲ. ಎರಡು ಪ್ರಯೋಗಾಲಯಗಳ ವರದಿ ಬೇರೆ ಬೇರೆ ಬಂದರೆ ಮೊದಲು ಆ ಶೇಕಡಾ ಅಂಕಿಯನ್ನು ನೋಡಿ. ಶೇ 12 ಎಂದಿರುವ ಮ್ಯುಟೇಶನ್ನೂ ಶೇ 0.2 ಎಂದಿರುವ ಮ್ಯುಟೇಶನ್ನೂ ವರದಿಯಲ್ಲಿ ಒಂದೇ ಗಾತ್ರದ ಅಕ್ಷರದಲ್ಲಿ ಅಚ್ಚಾಗಿರುತ್ತವೆ, ಆದರೆ ಅವುಗಳ ತೂಕ ಒಂದೇ ಅಲ್ಲ.

ಮ್ಯುಟೇಶನ್ ನಿಜ, ಆದರೆ ಗಡ್ಡೆಯದಲ್ಲ

ಇದು ಕಡಿಮೆ ಚರ್ಚೆಯಾಗುವ, ಆದರೆ ನನ್ನನ್ನು ಹೆಚ್ಚು ಕಾಡುವ ತೊಡಕು. ವಯಸ್ಸಾದಂತೆ ಮೂಳೆಮಜ್ಜೆಯ ಕೆಲವು ಮೂಲಕೋಶಗಳು ತಾವೇ ಮ್ಯುಟೇಶನ್ ಪಡೆದು ಹೆಚ್ಚಾಗಿ ಬೆಳೆಯುತ್ತವೆ. ಅವುಗಳಿಂದ ಹುಟ್ಟಿದ ಬಿಳಿ ಕಣಗಳು ಸತ್ತಾಗ ಆ ಮ್ಯುಟೇಶನ್ ಪ್ಲಾಸ್ಮಾಕ್ಕೆ ಬರುತ್ತದೆ. ಯಂತ್ರ ಅದನ್ನು ಸರಿಯಾಗಿಯೇ ಓದುತ್ತದೆ. ನಾವು ಅದನ್ನು ಗಡ್ಡೆಯದೆಂದು ತಿಳಿಯುತ್ತೇವೆ. 2019ರ ಒಂದು ಅಧ್ಯಯನದಲ್ಲಿ ಕ್ಯಾನ್ಸರ್ ರೋಗಿಗಳ ಪ್ಲಾಸ್ಮಾದಲ್ಲಿ ಸಿಕ್ಕ ಮ್ಯುಟೇಶನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಇಂಥ ರಕ್ತಮೂಲದ ಲಕ್ಷಣವಿತ್ತು. ಕ್ಯಾನ್ಸರ್ ಇಲ್ಲದವರಲ್ಲಿ ಈ ಪ್ರಮಾಣ ಶೇ 80ನ್ನೂ ದಾಟಿತ್ತು.

ಡಿಎನ್‌ಎಂಟಿ3ಎ, ಟಿಇಟಿ2 ವಂಶವಾಹಿಗಳಲ್ಲಿ ಕಂಡರೆ ಅನುಮಾನ ತಾನಾಗಿ ಬರುತ್ತದೆ. ಟಿಪಿ53, ಎಟಿಎಂನಲ್ಲಿ ಕಂಡರೆ ಕಷ್ಟ, ಏಕೆಂದರೆ ಅವು ಗಡ್ಡೆಯಲ್ಲೂ ಇರುತ್ತವೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಎಟಿಎಂ ಮ್ಯುಟೇಶನ್ ನೋಡಿ ಒಂದು ಬಗೆಯ ಔಷಧ ಕೊಡುವುದುಂಟು. ಆ ಮ್ಯುಟೇಶನ್ ಬಿಳಿ ಕಣದ್ದಾಗಿದ್ದರೆ ರೋಗಿಗೆ ಸಿಗುವುದು ಅಡ್ಡಪರಿಣಾಮ ಮಾತ್ರ. ಪರಿಹಾರ ಸರಳ: ಅದೇ ಟ್ಯೂಬಿನ ಆ ಬೂದು ಗೆರೆಯನ್ನು ಎಸೆಯದೆ, ಅದನ್ನೂ ಪ್ರತ್ಯೇಕವಾಗಿ ಓದಿ ತಾಳೆ ನೋಡುವುದು. ಎರಡು ಪರೀಕ್ಷೆಗಳಲ್ಲಿ ಒಂದನ್ನು ಆರಿಸಬೇಕಾದರೆ, ಬಿಳಿ ಕಣಗಳನ್ನೂ ಓದುವ ಪರೀಕ್ಷೆಯನ್ನು ನಾನು ಆರಿಸುತ್ತೇನೆ, ಅದರ ವಂಶವಾಹಿ ಪಟ್ಟಿ ಸ್ವಲ್ಪ ಚಿಕ್ಕದಾಗಿದ್ದರೂ ಸರಿಯೇ.

ಶಸ್ತ್ರಚಿಕಿತ್ಸೆಯ ನಂತರ: ಗಡ್ಡೆಯನ್ನು ಓದಿಕೊಂಡು ಹುಡುಕುವುದೋ, ಓದದೆಯೋ?

ಗಡ್ಡೆ ತೆಗೆದ ಮೇಲೆ ಕಣ್ಣಿಗೆ, ಸ್ಕ್ಯಾನಿಗೆ ಕಾಣದ ಶೇಷ ಉಳಿದಿದೆಯೇ ಎಂಬ ಪ್ರಶ್ನೆಗೆ ಎರಡು ದಾರಿಗಳಿವೆ. ಒಂದು, ತೆಗೆದ ಗಡ್ಡೆಯನ್ನೇ ಸೀಕ್ವೆನ್ಸ್ ಮಾಡಿ, ಆ ರೋಗಿಗೆ ಮಾತ್ರ ಸೇರಿದ ಮ್ಯುಟೇಶನ್‌ಗಳ ಪಟ್ಟಿ ಹಿಡಿದು ರಕ್ತದಲ್ಲಿ ಹುಡುಕುವುದು. ಸಿಗ್ನಾಟೆರಾ ಎಂಬ ಪರೀಕ್ಷೆ 16 ಮ್ಯುಟೇಶನ್‌ಗಳನ್ನು ಬೆನ್ನುಹತ್ತುವುದು ಹೀಗೆ. ಆರು ಪ್ರತಿಯ ಲೆಕ್ಕ ನೆನಪಿದೆಯಲ್ಲ? ಒಂದೇ ಮ್ಯುಟೇಶನ್ ಹುಡುಕಿದರೆ ತಪ್ಪಿಹೋಗಬಹುದಾದದ್ದು ಹದಿನಾರನ್ನು ಒಟ್ಟಿಗೆ ಹುಡುಕಿದರೆ ಎಲ್ಲಾದರೂ ಸಿಕ್ಕೀತು. ಬಿಳಿ ಕಣದ ಮ್ಯುಟೇಶನ್ ನಡುವೆ ನುಸುಳುವ ಭಯವೂ ಕಡಿಮೆ. ಆದರೆ ಮೊದಲ ಪಟ್ಟಿ ತಯಾರಾಗಲು ವಾರಗಳು ಬೇಕು, ಮತ್ತು ಗಡ್ಡೆಯ ಅಂಗಾಂಶ ಸಾಕಷ್ಟು ಸಿಗಬೇಕು.

ಇನ್ನೊಂದು, ಗಡ್ಡೆಯನ್ನು ನೋಡದೆಯೇ, ಆ ಬಗೆಯ ಕ್ಯಾನ್ಸರಿನಲ್ಲಿ ಸಾಮಾನ್ಯವಾದ ಮ್ಯುಟೇಶನ್‌ಗಳನ್ನೂ ಡಿಎನ್‌ಎ ಮೇಲಿನ ಮಿಥೈಲ್ ಎಂಬ ರಾಸಾಯನಿಕ ಗುರುತುಗಳನ್ನೂ ಹುಡುಕುವುದು. ಬೇಗ ಶುರುವಾಗುತ್ತದೆ, ಅಂಗಾಂಶ ಬೇಡ, ಆದರೆ ತೀರಾ ಕಡಿಮೆ ಪ್ರಮಾಣವನ್ನು ಹಿಡಿಯುವುದರಲ್ಲಿ ಸಾಮಾನ್ಯವಾಗಿ ಹಿಂದೆ. ಅಂಗಾಂಶವೂ ಸಮಯವೂ ಇದ್ದರೆ ಮೊದಲ ದಾರಿ ಹಿಡಿಯಿರಿ. ಇಲ್ಲದಿದ್ದರೆ ಎರಡನೆಯದೂ ವ್ಯರ್ಥವಲ್ಲ.

ಯಾವುದೇ ಆದರೂ ಶಸ್ತ್ರಚಿಕಿತ್ಸೆಯಾದ ಮರುವಾರವೇ ರಕ್ತ ಕೊಡಬೇಡಿ. ಗಾಯಗೊಂಡ ಅಂಗಾಂಶ ವಾರಗಟ್ಟಲೆ ತನ್ನ ಡಿಎನ್‌ಎ ಸುರಿಸುತ್ತಿರುತ್ತದೆ, ಅದರಲ್ಲಿ ಗಡ್ಡೆಯ ಪಾಲು ತೆಳುವಾಗಿ ಕರಗಿಹೋಗುತ್ತದೆ. ಎರಡನೇ ಹಂತದ ಕರುಳಿನ ಕ್ಯಾನ್ಸರಿನ 455 ರೋಗಿಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಡೈನಾಮಿಕ್ ಎಂಬ ಪ್ರಯೋಗದಲ್ಲಿ ರಕ್ತ ತೆಗೆದದ್ದು ನಾಲ್ಕನೇ ಮತ್ತು ಏಳನೇ ವಾರ. ರಕ್ತದ ಫಲಿತಾಂಶ ನೋಡಿ ತೀರ್ಮಾನಿಸಿದ ಗುಂಪಿನಲ್ಲಿ ಶೇ 15 ಜನ ಕೀಮೋಥೆರಪಿ ಪಡೆದರು, ಮಾಮೂಲಿ ಪದ್ಧತಿಯ ಗುಂಪಿನಲ್ಲಿ ಶೇ 28. ಎರಡು ವರ್ಷದ ನಂತರ ರೋಗ ಮರುಕಳಿಸದೆ ಉಳಿದವರ ಪ್ರಮಾಣ ಹೆಚ್ಚುಕಡಿಮೆ ಒಂದೇ: ಶೇ 93.5 ಮತ್ತು ಶೇ 92.4. ಅಷ್ಟು ಜನ ಅನಗತ್ಯ ಕೀಮೋಥೆರಪಿಯಿಂದ ಪಾರಾದರು ಎಂಬುದು ನನಗೆ ಈ ಕ್ಷೇತ್ರದ ಅತ್ಯಂತ ಸಮಾಧಾನದ ಸುದ್ದಿ.

ಈ ಫಲಿತಾಂಶವನ್ನು ಬೇರೆ ಹಂತಕ್ಕೆ, ಬೇರೆ ಅಂಗಕ್ಕೆ ಹಾಗೆಯೇ ಎತ್ತಿಟ್ಟುಕೊಳ್ಳಲು ಆಗುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಸಿಕ್ಕರೆ ರೋಗ ಮರಳುವ ಸಂಭವ ತುಂಬ ಹೆಚ್ಚು, ಆ ಉತ್ತರ ಗಟ್ಟಿ. ಸಿಗದಿದ್ದರೆ ಉತ್ತರ ಅಷ್ಟು ಗಟ್ಟಿಯಲ್ಲ. ಮುಂದೆ ರೋಗ ಮರುಕಳಿಸಿದ ಎಷ್ಟೋ ಜನರ ಮೊದಲ ರಕ್ತಪರೀಕ್ಷೆ ಖಾಲಿಯೇ ಬಂದಿರುತ್ತದೆ. ಒಂದು ಪರೀಕ್ಷೆಗಿಂತ ಕೆಲವು ತಿಂಗಳಿಗೊಮ್ಮೆ ಮಾಡಿದ ಪರೀಕ್ಷೆಗಳ ಸಾಲು ಹೆಚ್ಚು ಹೇಳುತ್ತದೆ. ಅದೂ ಒಂದೇ ಪ್ರಯೋಗಾಲಯದಲ್ಲಿ, ಒಂದೇ ಪರೀಕ್ಷೆಯಿಂದ.

ಆರೋಗ್ಯವಂತರಲ್ಲಿ ಹುಡುಕುವ ಪರೀಕ್ಷೆಗಳು

ಇಲ್ಲಿ ಲೆಕ್ಕವೇ ಬೇರೆ. 10,000 ಜನರಲ್ಲಿ 100 ಜನರಿಗೆ ಕ್ಯಾನ್ಸರ್ ಇದೆ ಎಂದುಕೊಳ್ಳಿ. ಪರೀಕ್ಷೆ ಅರ್ಧದಷ್ಟನ್ನು ಹಿಡಿಯುತ್ತದೆ: 50 ಜನ. ಕ್ಯಾನ್ಸರ್ ಇಲ್ಲದವರಲ್ಲಿ ಶೇ 0.5 ಮಾತ್ರ ತಪ್ಪಾಗಿ ತೋರಿಸುತ್ತದೆ, ಕೇಳಲು ಎಷ್ಟು ಕಡಿಮೆ! ಆದರೆ 9,900 ಜನರಲ್ಲಿ ಅದು ಸುಮಾರು 50 ಜನ. ‘ಇದೆ’ ಎಂಬ ವರದಿ ಹಿಡಿದು ನಿಂತ ನೂರು ಜನರಲ್ಲಿ ಐವತ್ತು ಜನರಿಗೆ ಕ್ಯಾನ್ಸರೇ ಇಲ್ಲ, ಮತ್ತು ಕ್ಯಾನ್ಸರ್ ಇರುವ ಇನ್ನೈವತ್ತು ಜನ ನಿಶ್ಚಿಂತೆಯಿಂದ ಮನೆಗೆ ಹೋಗಿರುತ್ತಾರೆ.

ಇದು ಬರೀ ಕಾಗದದ ಲೆಕ್ಕವಲ್ಲ. ಹಲವು ಕ್ಯಾನ್ಸರ್‌ಗಳನ್ನು ಒಟ್ಟಿಗೆ ಹುಡುಕುವ ಗ್ಯಾಲೆರಿ ಪರೀಕ್ಷೆಯನ್ನು 50 ದಾಟಿದವರ ಮೇಲೆ ಬಳಸಿದ ಪಾಥ್‌ಫೈಂಡರ್ ಅಧ್ಯಯನದಲ್ಲಿ 6,621 ಜನರಲ್ಲಿ 92 ಮಂದಿಗೆ ಸಂಕೇತ ಸಿಕ್ಕಿತು. ಕ್ಯಾನ್ಸರ್ ಖಚಿತವಾದದ್ದು 35 ಮಂದಿಯಲ್ಲಿ. ಅದೇ ಪರೀಕ್ಷೆಯ 2021ರ ಅಧ್ಯಯನದಲ್ಲಿ ಕ್ಯಾನ್ಸರ್ ಇದ್ದವರ ಪೈಕಿ ನಾಲ್ಕನೇ ಹಂತದಲ್ಲಿ ಶೇ 90ರಷ್ಟು ಸಿಕ್ಕರೆ ಮೊದಲ ಹಂತದಲ್ಲಿ ಸಿಕ್ಕಿದ್ದು ಶೇ 17ರಷ್ಟು ಮಾತ್ರ. ಬೇಗ ಹಿಡಿಯಬೇಕೆಂದು ಮಾಡುವ ಪರೀಕ್ಷೆ ಮೊದಲ ಹಂತದಲ್ಲೇ ಹೆಚ್ಚು ಎಡವುತ್ತದೆ, ಏಕೆಂದರೆ ಚಿಕ್ಕ ಗಡ್ಡೆ ರಕ್ತಕ್ಕೆ ಬಿಡುವುದೂ ಚಿಕ್ಕ ಪ್ರಮಾಣ.

ಒಂದೇ ಅಂಗಕ್ಕೆ ಮೀಸಲಾದ ಪರೀಕ್ಷೆ ಇದಕ್ಕಿಂತ ವಾಸಿ. ಕರುಳಿನ ಕ್ಯಾನ್ಸರಿಗೆ 2024ರ ಜುಲೈನಲ್ಲಿ ಎಫ್‌ಡಿಎ ಒಪ್ಪಿದ ಶೀಲ್ಡ್ ರಕ್ತಪರೀಕ್ಷೆ ಕ್ಯಾನ್ಸರನ್ನು ಶೇ 83ರಷ್ಟು ಹಿಡಿಯಿತು. ಆದರೆ ಕ್ಯಾನ್ಸರಾಗುವ ಮುನ್ನಿನ ದೊಡ್ಡ ಗಂಟುಗಳನ್ನು ಹಿಡಿದದ್ದು ಶೇ 13 ಮಾತ್ರ. ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೋಸ್ಕೋಪಿ ಆ ಗಂಟನ್ನು ಕಂಡಲ್ಲೇ ಕತ್ತರಿಸಿ ತೆಗೆದು ಕ್ಯಾನ್ಸರ್ ಆಗದಂತೆಯೇ ತಡೆಯುತ್ತದೆ. ಒಪ್ಪುವವರಿಗೆ ಕೊಲೊನೋಸ್ಕೋಪಿ, ಅದಕ್ಕೆ ಒಪ್ಪದವರಿಗೆ ಮಲಪರೀಕ್ಷೆ, ಎರಡಕ್ಕೂ ಒಪ್ಪದವರಿಗೆ ರಕ್ತಪರೀಕ್ಷೆ. ನಾನು ಹೇಳುವ ಕ್ರಮ ಇದು. ಏನೂ ಮಾಡಿಸದಿರುವುದಕ್ಕಿಂತ ರಕ್ತಪರೀಕ್ಷೆ ಖಂಡಿತ ಮೇಲು. ಸ್ತನ, ಗರ್ಭಕಂಠ, ಕರುಳಿನ ರೂಢಿಯ ತಪಾಸಣೆಗಳನ್ನು ಬಿಟ್ಟು ಅವುಗಳ ಬದಲಿಗೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದನ್ನು ಮಾತ್ರ ಯಾರಿಗೂ ಸೂಚಿಸಲಾರೆ.

ರಕ್ತದಲ್ಲಿ ಇಡಿಯಾಗಿ ತೇಲುವ ಕ್ಯಾನ್ಸರ್ ಕೋಶಗಳನ್ನು ಎಣಿಸುವ ಪರೀಕ್ಷೆಯ ಬಗ್ಗೆ ಎರಡೇ ಮಾತು. ಸೆಲ್‌ಸರ್ಚ್ ಎಂಬ ವಿಧಾನಕ್ಕೆ 2004ರಲ್ಲೇ ಒಪ್ಪಿಗೆ ಸಿಕ್ಕಿತ್ತು, 7.5 ಮಿಲಿಲೀಟರ್ ರಕ್ತದಲ್ಲಿ ಐದೋ ಅದಕ್ಕಿಂತ ಹೆಚ್ಚೋ ಕೋಶ ಸಿಕ್ಕರೆ ಹರಡಿದ ಸ್ತನ ಕ್ಯಾನ್ಸರಿನ ಮುನ್ನೋಟ ಕೆಟ್ಟದ್ದು ಎಂದು ಅದು ಸರಿಯಾಗಿಯೇ ಹೇಳುತ್ತದೆ. ಆದರೆ ಆ ಎಣಿಕೆ ನೋಡಿ ಕೀಮೋಥೆರಪಿಯನ್ನು ಬೇಗ ಬದಲಿಸಿದರೆ ಆಯಸ್ಸು ಹೆಚ್ಚುತ್ತದೆಯೇ ಎಂದು ನೋಡಿದ ಪ್ರಯೋಗದಲ್ಲಿ ಹೆಚ್ಚಲಿಲ್ಲ. ಸರಿಯಾದ ಉತ್ತರ ಸಿಕ್ಕರೂ ಅದರಿಂದ ಚಿಕಿತ್ಸೆಗೆ ದಾರಿ ತೆರೆಯದಿದ್ದರೆ ಪರೀಕ್ಷೆ ಮಾಡಿಸುವ ಮೊದಲು ಒಮ್ಮೆ ಯೋಚಿಸಬೇಕು.

ವರದಿ ಕೈಗೆ ಬಂದಾಗ

ಖಾಲಿ ವರದಿಯಲ್ಲೂ ಎರಡು ಬಗೆಯಿದೆ. ಟ್ಯೂಬಿನಲ್ಲಿ ಗಡ್ಡೆಯ ಡಿಎನ್‌ಎ ಸಾಕಷ್ಟಿತ್ತು, ಆದರೂ ಹುಡುಕಿದ ಮ್ಯುಟೇಶನ್ ಇರಲಿಲ್ಲ ಎಂಬುದು ಒಂದು. ಗಡ್ಡೆಯ ಡಿಎನ್‌ಎಯೇ ಸಿಗಲಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಉತ್ತರ, ಎರಡನೆಯದು ಉತ್ತರವೇ ಅಲ್ಲ. ಕೆಲವು ವರದಿಗಳಲ್ಲಿ ‘ಟ್ಯೂಮರ್ ಫ್ರ್ಯಾಕ್ಷನ್’ (ರಕ್ತದ ಬಿಡಿ ಡಿಎನ್‌ಎಯಲ್ಲಿ ಗಡ್ಡೆಯ ಪಾಲು) ಎಂಬ ಅಂಕಿ ಇರುತ್ತದೆ. ಅದು ಶೇ 1 ಅಥವಾ ಹೆಚ್ಚಿದ್ದರೆ ‘ಕಂಡುಬಂದಿಲ್ಲ’ ಎಂಬುದಕ್ಕೆ ಬಹುಮಟ್ಟಿಗೆ ಬೆಲೆಯಿದೆ. ಅಂಕಿ ಇಲ್ಲದಿದ್ದರೆ ವರದಿಯಲ್ಲಿ ಬೇರೆ ಯಾವುದಾದರೂ ಗಡ್ಡೆಯ ಮ್ಯುಟೇಶನ್ ಕಂಡಿದೆಯೇ ನೋಡಿ. ಕಂಡಿದ್ದರೆ ಗಡ್ಡೆಯ ಡಿಎನ್‌ಎ ಟ್ಯೂಬಿಗೆ ಬಂದಿತ್ತು ಎಂದು ಅರ್ಥ. ಒಂದೂ ಕಾಣದಿದ್ದರೆ ವೈದ್ಯರನ್ನು ಕೇಳಬೇಕಾದದ್ದು ‘ಅಂಗಾಂಶ ಪರೀಕ್ಷೆ ಯಾವಾಗ?’ ಎಂದು.

ಇನ್ನೊಂದು ಸಣ್ಣ ಕೆಲಸ ರಕ್ತ ಕೊಡುವ ದಿನವೇ ಮಾಡಬಹುದು. ಮಾದರಿಯ ಜೊತೆ ಹೋಗುವ ಅರ್ಜಿಯಲ್ಲಿ ರಕ್ತ ತೆಗೆದ ದಿನ ಮತ್ತು ಗಂಟೆ, ಟ್ಯೂಬಿನ ಬಗೆ, ಕೊನೆಯ ಚಿಕಿತ್ಸೆಯ ದಿನ, ರಕ್ತ ಏರಿಸಿಕೊಂಡಿದ್ದರೆ ಅಥವಾ ಅಂಗಾಂಗ ಕಸಿ ಆಗಿದ್ದರೆ ಅದರ ವಿವರ ಬರೆಯಲು ಖಾನೆಗಳಿರುತ್ತವೆ. ನನ್ನ ಮೇಜಿಗೆ ಬಂದ ಅರ್ಜಿಗಳಲ್ಲಿ ಅತಿ ಹೆಚ್ಚು ಸಲ ಖಾಲಿ ಇರುತ್ತಿದ್ದದ್ದು ‘ಗಂಟೆ’ಯ ಖಾನೆ. ಸೂಜಿ ಹೊರಬಂದ ಕೂಡಲೇ ಗಡಿಯಾರ ನೋಡಿ, ಅದನ್ನು ನಿಮ್ಮ ಎದುರಿಗೇ ತುಂಬಿಸಿ.